ಸುಣ್ಣದಕಲ್ಲನ್ನು ಓದಿ ಹೆಸರಿಡುವ ಬಗೆ: ಶಹಾಬಾದಿನ ಹಾಸುಗಲ್ಲಿನಿಂದ ಸೂಕ್ಷ್ಮದರ್ಶಕದವರೆಗೆ

ಕಲಬುರಗಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಹಾಸಿರುವ ಶಹಾಬಾದ್ ಕಲ್ಲು, ಅಡುಗೆಮನೆಯ ಕಟ್ಟೆಯ ಮೇಲಿನ ಕರಿಯ ಕಡಪ ಕಲ್ಲು, ಸಿಮೆಂಟಿನ ಮೂಲವಾದ ಗಣಿಯ ಬೂದುಗಲ್ಲು, ಸೌರಾಷ್ಟ್ರದ ಹಳೆಯ ಕಟ್ಟಡಗಳಿಗೆ ಬಳಸಿದ ಪೋರಬಂದರಿನ ಕೆನೆಬಣ್ಣದ ಕಲ್ಲು, ಇವೆಲ್ಲವೂ ಸುಣ್ಣದಕಲ್ಲುಗಳೇ. ರಾಸಾಯನಿಕವಾಗಿ ಇವುಗಳ ನಡುವೆ ಹೆಚ್ಚಿನ ಅಂತರವಿಲ್ಲ. ಆದರೆ ಹುಟ್ಟಿದ ನೀರು ಬೇರೆ, ಕಾಲ ಬೇರೆ, ಒಳಗಿನ ಕಣಗಳು ಬೇರೆ. ಭೂವಿಜ್ಞಾನದ ವಿದ್ಯಾರ್ಥಿಗಳು ಮೊದಲ ಕ್ಷೇತ್ರಕಾರ್ಯದಲ್ಲಿ ಎಡವುವುದೂ ಇಲ್ಲಿಯೇ: ಆಮ್ಲ ಹಾಕಿದರೆ ನೊರೆ ಬಂತು, ಆದ್ದರಿಂದ ಸುಣ್ಣದಕಲ್ಲು ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅದು ಕುಲದ ಹೆಸರಾಯಿತೇ ಹೊರತು ಕಲ್ಲಿನ ಹೆಸರಾಗಲಿಲ್ಲ.

ಈ ಮಾರ್ಗದರ್ಶಿಯುದ್ದಕ್ಕೂ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸುಣ್ಣದಕಲ್ಲಿನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಕಣಗಳ ಮೇಲೆ, ಅಂದರೆ ಚಿಪ್ಪು, ಹವಳ, ಪಳೆಯುಳಿಕೆಗಳ ಮೇಲೆ. ಕಲ್ಲಿನ ಕಥೆಯನ್ನು ಹೆಚ್ಚು ನಂಬಿಕೆಯಿಂದ ಹೇಳುವುದು ಮಾತ್ರ ಕಣಗಳ ನಡುವೆ ಇರುವ ವಸ್ತು. ಅಲ್ಲಿ ಕೆಸರು ಉಳಿದಿದೆಯೋ, ಅಥವಾ ಕೆಸರು ತೊಳೆದುಹೋಗಿ ಆ ಜಾಗದಲ್ಲಿ ಹರಳು ಬೆಳೆದಿದೆಯೋ ಎಂಬುದೊಂದೇ ಪ್ರಶ್ನೆಯ ಮೇಲೆ ಇಂದಿನ ವರ್ಗೀಕರಣಗಳ ಬಹುಪಾಲು ನಿಂತಿದೆ.

ಕಲ್ಲಾಗುವ ಮೊದಲು

ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಆ ನೀರು ಬಂಡೆಗಳಲ್ಲಿರುವ ಕ್ಯಾಲ್ಸಿಯಂ ಅನ್ನು ಕರಗಿಸಿ ನದಿಗಳ ಮೂಲಕ ಸಮುದ್ರಕ್ಕೆ ಒಯ್ಯುತ್ತದೆ. ಕರಗಿದ ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟ್ ಮತ್ತೆ ಘನರೂಪಕ್ಕೆ ಬರಬೇಕಾದರೆ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು. ನೀರು ಬೆಚ್ಚಗಾದರೆ ಅದು ಹೊರಹೋಗುತ್ತದೆ, ಅಲೆಗಳು ನೀರನ್ನು ಕಲಕಿದರೂ ಹೊರಹೋಗುತ್ತದೆ, ಪಾಚಿ ಮತ್ತು ಸಯನೋಬ್ಯಾಕ್ಟೀರಿಯಾಗಳು ದ್ಯುತಿಸಂಶ್ಲೇಷಣೆಗೆ ಅದನ್ನು ಹೀರಿಕೊಂಡರೂ ನೀರಿನಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಬೆಚ್ಚಗಿನ, ಆಳವಿಲ್ಲದ, ಬೆಳಕು ತಳದವರೆಗೆ ಇಳಿಯುವ, ನದಿಗಳ ಮಣ್ಣು ಬಂದು ಬೀಳದ ಸಮುದ್ರವೇ ಸುಣ್ಣದಕಲ್ಲಿನ ದೊಡ್ಡ ಕಾರ್ಖಾನೆ ಎನ್ನುವುದು ಇದೇ ಕಾರಣಕ್ಕೆ. ಇಂದು ಬಹಾಮಾದ ದಂಡೆಗಳಲ್ಲಿ, ಪರ್ಷಿಯನ್ ಕೊಲ್ಲಿಯ ಅಂಚಿನಲ್ಲಿ, ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಈ ಕೆಲಸ ನಡೆಯುತ್ತಲೇ ಇದೆ.

ಇದರ ಬಹುಪಾಲನ್ನು ಮಾಡುವವು ಜೀವಿಗಳು. ಹವಳ, ಮೃದ್ವಂಗಿ, ನಕ್ಷತ್ರಮೀನಿನ ಬಳಗದ ಕ್ರೈನಾಯ್ಡ್, ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು, ಸುಣ್ಣವನ್ನು ಮೈಯಲ್ಲಿ ಕಟ್ಟಿಕೊಳ್ಳುವ ಹಸಿರು ಪಾಚಿಗಳು ಸತ್ತ ಮೇಲೆ ಅವುಗಳ ಗಟ್ಟಿಭಾಗಗಳು ತಳದಲ್ಲಿ ಸೇರುತ್ತವೆ. ಇಂಗ್ಲೆಂಡಿನ ಡೋವರಿನ ಬಿಳಿ ಬಂಡೆಗಳು ಕೊಕೊಲಿಥ್ ಎಂಬ, ಸೂಕ್ಷ್ಮ ಪಾಚಿಗಳ ಮೈಮೇಲಿನ, ಬರಿಗಣ್ಣಿಗೆ ಕಾಣದ ತಟ್ಟೆಗಳ ರಾಶಿ. ಗೀಜಾದ ಪಿರಮಿಡ್ಡಿನ ಕಲ್ಲಿನಲ್ಲಿ ನಾಣ್ಯದ ಆಕಾರದ ನುಮ್ಯುಲೈಟ್‌ಗಳು ಬರಿಗಣ್ಣಿಗೇ ಕಾಣುತ್ತವೆ. ಆಳ ಸಮುದ್ರದ ಕಥೆ ಬೇರೆ: ಸುಮಾರು 4ರಿಂದ 5 ಕಿಲೋಮೀಟರ್ ಆಳದ ನಂತರ ತಣ್ಣಗಿನ, ಒತ್ತಡದ ನೀರು ಸುಣ್ಣವನ್ನು ಕರಗಿಸಿಬಿಡುವುದರಿಂದ ಅಲ್ಲಿ ಸುಣ್ಣದ ಗಸಿ ನಿಲ್ಲುವುದಿಲ್ಲ.

ಇಲ್ಲಿ ಭೀಮಾ ಕಣಿವೆಯ ಕಲ್ಲು ಒಂದು ತೊಡಕು ತರುತ್ತದೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಹಬ್ಬಿ ಪಕ್ಕದ ತೆಲಂಗಾಣದ ತಾಂಡೂರಿನವರೆಗೂ ಸಾಗುವ ಈ ಪದರಗಳು ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಮೊದಲಿನವು. ಆದ್ದರಿಂದ ಶಹಾಬಾದ್ ಕಲ್ಲಿನಲ್ಲಿ ಶಂಖ, ಚಿಪ್ಪು ಹುಡುಕುವವರಿಗೆ ಸಿಗುವುದು ನಿರಾಸೆಯೇ. ಆ ಸುಣ್ಣ ಬಂದದ್ದು ನೀರಿನಿಂದ ನೇರವಾಗಿ ಬೇರ್ಪಟ್ಟ ನುಣ್ಣನೆಯ ಕೆಸರಿನಿಂದ ಮತ್ತು ಸೂಕ್ಷ್ಮಜೀವಿಗಳ ಕೆಲಸದಿಂದ. ಬಾಗಲಕೋಟೆ ಕಡೆಯ ಕಲಾದಗಿ ಪದರಗಳಲ್ಲಿ, ಇನ್ನೂ ಹಿಂದಕ್ಕೆ ಹೋದರೆ ಚಿತ್ರದುರ್ಗ ಶಿಲಾಪಟ್ಟಿಯ 250 ಕೋಟಿ ವರ್ಷಗಳಿಗೂ ಹಳೆಯ ಸುಣ್ಣದಕಲ್ಲುಗಳಲ್ಲಿ, ಆ ಸೂಕ್ಷ್ಮಜೀವಿಗಳು ಹಾಸು ಹಾಸಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಗುಮ್ಮಟದಂಥ ರಚನೆಗಳು ಇವೆ. ಎಲೆಕೋಸನ್ನು ಅಡ್ಡಕ್ಕೆ ಕೊಯ್ದಂತೆ ಕಾಣುವ ಅವುಗಳನ್ನು ಒಮ್ಮೆ ನೋಡಿದವರು ಮರೆಯಲಾರರು.

ಗಸಿ ಕೂಡಿದ ಮಾತ್ರಕ್ಕೆ ಕಲ್ಲಾಗುವುದಿಲ್ಲ. ಹೊಸ ಸುಣ್ಣದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ನೀರಿನದೇ ಆಗಿರುತ್ತದೆ. ಮೇಲಿನ ಭಾರಕ್ಕೆ ಅದು ಕುಗ್ಗುತ್ತದೆ, ಸಂದುಗಳಲ್ಲಿ ಹೊಸ ಕ್ಯಾಲ್ಸೈಟ್, ಅಂದರೆ ಸುಣ್ಣದಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸಿಯಂ ಕಾರ್ಬೋನೇಟ್, ಬೆಳೆದು ಬೆಸೆಯುತ್ತದೆ, ಅದರದೇ ಅಸ್ಥಿರ ರೂಪವಾದ ಅರಗೊನೈಟ್ ಕರಗಿ ಕ್ಯಾಲ್ಸೈಟ್ ಆಗುತ್ತದೆ. ಒತ್ತಡ ಹೆಚ್ಚಾದಲ್ಲಿ ಕಲ್ಲು ತನ್ನೊಳಗೇ ಕರಗಿ, ಜೇಡಿಯನ್ನು ಮಾತ್ರ ಉಳಿಸಿ, ಗರಗಸದ ಹಲ್ಲಿನಂಥ ಕಪ್ಪು ಗೆರೆಗಳನ್ನು ಬಿಡುತ್ತದೆ. ಇವಕ್ಕೆ ಸ್ಟೈಲೊಲೈಟ್ ಎಂದು ಹೆಸರು. ನುಣುಪು ಮಾಡಿದ ಹಾಸುಗಲ್ಲಿನಲ್ಲಿ ಬಿರುಕು ಎಂದು ಜನ ಗಾಬರಿಯಾಗುವ ಅಂಕುಡೊಂಕು ಗೆರೆ ಎಷ್ಟೋ ಸಲ ಇದೇ ಆಗಿರುತ್ತದೆ.

ಹಂತ 1: ಸಾಮಾನು ಜೋಡಿಸಿಕೊಳ್ಳುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಭೂವಿಜ್ಞಾನದ ಸುತ್ತಿಗೆ, ಉಕ್ಕಿನ ಚಾಕು, ನೀರಿನ ಬಾಟಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ, ಅಳಿಸಿಹೋಗದ ಪೆನ್ನು ಮತ್ತು ಚೀಲಗಳು ಸಾಕು. ಜೊತೆಗೆ ಡ್ರಾಪರ್ ಬಾಟಲಿಯಲ್ಲಿ ಸುಮಾರು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಪ್ರಯೋಗಾಲಯದ ಶೇ. 35ರ ಗಾಢ ಆಮ್ಲ ಒಂದು ಪಾಲಾದರೆ ನೀರು ಮೂರು ಪಾಲು. ಯಾವಾಗಲೂ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು. ಆಮ್ಲಕ್ಕೆ ನೀರು ಸುರಿದರೆ ಬಿಸಿಯೇರಿ ಸಿಡಿಯುತ್ತದೆ. ಮನೆಯಲ್ಲಿ ಆಮ್ಲ ಇಡಲು ಮನಸ್ಸಿಲ್ಲದವರು ಕಲ್ಲಿನ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಬಹುದು, ಆದರೆ ಅದರ ಪ್ರತಿಕ್ರಿಯೆ ಮಂದ. ಕಡಪ ಕಲ್ಲಿನ ಕಟ್ಟೆಯ ಮೇಲೆ ಹೋಳು ಮಾಡಿದ ನಿಂಬೆಹಣ್ಣು ಇಟ್ಟಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುವುದು ಇದೇ ಪ್ರತಿಕ್ರಿಯೆಯಿಂದ.

ಹಂತ 2: ಒಡೆಯುವ ಮೊದಲು ನೋಡುವುದು

ಕಲ್ಲುಗಣಿಯ ಅಥವಾ ಹಳ್ಳದ ಗೋಡೆಯ ಎದುರು ನಿಂತು ಮೊದಲು ದೂರದಿಂದ ನೋಡಿ. ಪದರಗಳು ತೆಳುವೇ ದಪ್ಪವೇ, ಸಮಾನಾಂತರವೇ ಅಲೆಅಲೆಯೇ, ನಡುವೆ ಜೇಡಿಯ ಪದರ ಬಂದಿದೆಯೇ, ಮೇಲೆ ಕೆಳಗೆ ಏನಿದೆ ಎಂಬುದನ್ನು ಚಿತ್ರ ಬರೆದು ಗುರುತಿಸಿಕೊಳ್ಳಿ. ಭೀಮಾ ಕಣಿವೆಯಲ್ಲಿ ಹಳೆಯ ಗ್ರಾನೈಟ್ ನೆಲದ ಮೇಲೆ ಮೊದಲು ಮರಳುಗಲ್ಲು ಮತ್ತು ಜೇಡಿಕಲ್ಲು ಕೂತಿವೆ, ಅವುಗಳ ಮೇಲೆ ಶಹಾಬಾದ್ ಸುಣ್ಣದಕಲ್ಲು ಬರುತ್ತದೆ, ಉತ್ತರಕ್ಕೆ ಸರಿದಂತೆ ಇದೆಲ್ಲವೂ ದಖನ್ನಿನ ಕಪ್ಪು ಬಸಾಲ್ಟಿನ ಅಡಿಗೆ ಹೋಗುತ್ತದೆ. ಸಮುದ್ರ ನೆಲದ ಮೇಲೆ ಏರಿ ಬಂದು, ನದಿಯ ಮರಳು ಹಿಂದೆ ಸರಿದು, ನೀರು ತಿಳಿಯಾದ ಮೇಲೆ ಸುಣ್ಣ ಕೂಡಿತು ಎಂಬುದನ್ನು ಕಲ್ಲಿನ ಚೂರು ಕೈಗೆ ಬರುವ ಮೊದಲೇ ಈ ಕ್ರಮ ಹೇಳಿಬಿಡುತ್ತದೆ. ಅಲ್ಲಿನ ಕಲ್ಲು ಉಳಿ ಹೊಡೆದರೆ ಹಲಗೆ ಹಲಗೆಯಾಗಿ ಏಳುವುದಕ್ಕೆ ಕಾರಣವೂ ತೆಳುವಾದ, ನೇರವಾದ ಪದರಗಳೇ. ಅದರಿಂದಲೇ ಅದು ಹಾಸುಗಲ್ಲಾಯಿತು. ಸನ್ನತಿಯ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದ ಫಲಕಗಳಿಗೂ ಶಿಲ್ಪಿಗಳು ಸುಣ್ಣದಕಲ್ಲನ್ನೇ ಬಳಸಿದರು. ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವಿರುವ ಅಶೋಕನ ಚಿತ್ರವೂ ಅವುಗಳಲ್ಲಿದೆ. ಗಟ್ಟಿತನದಲ್ಲಿ ಈ ಕಲ್ಲು ಗ್ರಾನೈಟಿಗಿಂತ ಬಹಳ ಮೆದು, ಕಣ ಬಹಳ ನುಣುಪು. ಸೂಕ್ಷ್ಮ ಕೆತ್ತನೆಗೆ ಬೇಕಾದ ಎರಡೂ ಗುಣ ಅದರಲ್ಲಿವೆ.

ಹಂತ 3: ಕುಲ ಖಚಿತಪಡಿಸಿಕೊಳ್ಳುವುದು

ಹವೆಗೆ ಸಿಕ್ಕ ಮೇಲ್ಮೈಯನ್ನು ನಂಬದೆ ಸುತ್ತಿಗೆಯಿಂದ ಹೊಸ ಮುಖ ತೆರೆಯಿರಿ. ಕ್ಯಾಲ್ಸೈಟಿನ ಗಡಸುತನ ಮೋಹ್ಸ್ ಮಾನದಲ್ಲಿ 3, ಮೆಗ್ನೀಷಿಯಂ ಬೆರೆತ ಕಾರ್ಬೋನೇಟ್ ಖನಿಜವಾದ ಡೋಲೊಮೈಟಿನದು 3.5ರಿಂದ 4, ಸ್ಫಟಿಕಶಿಲೆಯದು 7. ಚಾಕು ಸಲೀಸಾಗಿ ಗೀಚಿದರೆ ಮುಂದುವರಿಯಿರಿ, ಚಾಕುವೇ ಜಾರಿದರೆ ನಿಮ್ಮ ಕೈಯಲ್ಲಿರುವುದು ಚರ್ಟ್ ಅಥವಾ ಸಿಲಿಕಾ ತುಂಬಿದ ಕಲ್ಲು.

ಬಳಿಕ ಒಂದು ಹನಿ ಆಮ್ಲ. ಕ್ಯಾಲ್ಸೈಟ್ ಆದರೆ ತಕ್ಷಣ ಜೋರಾಗಿ ನೊರೆಯೇಳುತ್ತದೆ. ಡೋಲೊಮೈಟ್ ಆದರೆ ಘನ ಮೇಲ್ಮೈಯಲ್ಲಿ ಬಹುತೇಕ ಸುಮ್ಮನಿರುತ್ತದೆ. ಚಾಕುವಿನಿಂದ ಕೆರೆದು ಪುಡಿ ಮಾಡಿದರೆ ನಿಧಾನವಾಗಿ ಗುಳ್ಳೆ ಬಿಡುತ್ತದೆ. ಮೊದಲ ಬಾರಿ ಪರೀಕ್ಷಿಸುವಾಗ ಪುಡಿಯ ಮೇಲೆ ಹಾಕಬೇಡಿ, ಏಕೆಂದರೆ ಪುಡಿಯಲ್ಲಿ ಇವೆರಡರ ವ್ಯತ್ಯಾಸ ಮಸುಕಾಗುತ್ತದೆ. ನೊರೆ ಇಳಿದ ಮೇಲೆ ಆ ಜಾಗದಲ್ಲಿ ಮಣ್ಣಿನ ಕಲೆ ಉಳಿದರೆ ಜೇಡಿಯ ಅಂಶ ಇದೆ ಎಂದರ್ಥ.

ಮೋಸ ಹೋಗುವ ಸಂದರ್ಭಗಳು ಮೂರು. ಸುಣ್ಣದಿಂದ ಬೆಸೆದ ಮರಳುಗಲ್ಲೂ ನೊರೆ ಬಿಡುತ್ತದೆ, ಆದರೆ ಬೆರಳಿಗೆ ಮರಳಿನ ಕಾಳು ಹತ್ತುತ್ತದೆ. ಬಯಲುಸೀಮೆಯಲ್ಲಿ ಕಪ್ಪು ಮಣ್ಣಿನೊಳಗೆ ಬೆಳೆಯುವ ಸುಣ್ಣದ ಉಂಡೆಗಳು, ಅಂದರೆ ಕಂಕರ್, ಯಾವ ಕಲ್ಲಿನ ಮೇಲಾದರೂ ಅಂಟಿಕೊಂಡಿರಬಹುದು; ಆಗ ಗ್ರಾನೈಟ್ ಕೂಡ ನೊರೆ ಬಿಟ್ಟಂತೆ ಕಾಣುತ್ತದೆ. ಬಿರುಕುಗಳಲ್ಲಿ ತುಂಬಿದ ಬಿಳಿ ಕ್ಯಾಲ್ಸೈಟ್ ಎಳೆಯ ಮೇಲೆ ಹನಿ ಬಿದ್ದರೆ ಡೋಲೊಮೈಟನ್ನು ಸುಣ್ಣದಕಲ್ಲೆಂದು ಬರೆದುಬಿಡುತ್ತೀರಿ.

ಶುದ್ಧತೆ ಅಳೆಯಬೇಕೆಂದರೆ 10 ಗ್ರಾಂ ಪುಡಿಯನ್ನು ತೂಗಿ, ಹೆಚ್ಚು ಪ್ರಮಾಣದ ತೆಳು ಆಮ್ಲದಲ್ಲಿ ನೊರೆ ನಿಲ್ಲುವವರೆಗೆ ಕರಗಿಸಿ, ಸೋಸಿ, ತೊಳೆದು, ಒಣಗಿಸಿ, ಉಳಿದದ್ದನ್ನು ತೂಗಿ. 1.5 ಗ್ರಾಂ ಉಳಿದರೆ ಕರಗದ ಭಾಗ, ಅಂದರೆ ಜೇಡಿ, ಸ್ಫಟಿಕ, ಪೈರೈಟ್ ಇತ್ಯಾದಿ, ಶೇ. 15 ಎಂದಾಯಿತು. ಡೋಲೊಮೈಟಿನ ಪಾಲಿಗೆ ಸಾಮಾನ್ಯವಾಗಿ ಬಳಸುವ ಗಡಿಗಳು ಇವು: ಕಾರ್ಬೋನೇಟಿನಲ್ಲಿ ಡೋಲೊಮೈಟ್ ಶೇ. 10ಕ್ಕಿಂತ ಕಡಿಮೆಯಾದರೆ ಸುಣ್ಣದಕಲ್ಲು, 10ರಿಂದ 50ರವರೆಗೆ ಡೋಲೊಮೈಟಿಕ್ ಸುಣ್ಣದಕಲ್ಲು, 50ರಿಂದ 90ರವರೆಗೆ ಕ್ಯಾಲ್ಸೈಟಿಕ್ ಡೋಲೊಮೈಟ್, ಅದಕ್ಕೂ ಮೇಲೆ ಡೋಲೊಮೈಟ್. ಸಿಮೆಂಟಿನವರಿಗೆ ಇದು ಪಾಠದ ವಿಷಯವಲ್ಲ, ಹಣದ ವಿಷಯ. ಮೆಗ್ನೀಷಿಯಾ ಹೆಚ್ಚಾದ ಸಿಮೆಂಟ್ ಗಟ್ಟಿಯಾದ ಮೇಲೆ ನಿಧಾನವಾಗಿ ಹಿಗ್ಗಿ ಬಿರುಕು ಬಿಡುತ್ತದೆ. ಸುಣ್ಣದ ಭಟ್ಟಿಯವರ ಲೆಕ್ಕ ಇನ್ನೂ ಸರಳ: ಶುದ್ಧ ಕ್ಯಾಲ್ಸೈಟ್ 100 ಕಿಲೊ ಸುಟ್ಟರೆ 56 ಕಿಲೊ ಸುಟ್ಟ ಸುಣ್ಣ ಸಿಗುತ್ತದೆ, 44 ಕಿಲೊ ಗಾಳಿಗೆ ಹೋಗುತ್ತದೆ.

ಹಂತ 4: ಒಳಗಿನ ಮೂರು ಘಟಕಗಳನ್ನು ಬೇರೆ ಬೇರೆಯಾಗಿ ಕಾಣುವುದು

ಹೊಸ ಮುಖದ ಮೇಲೆ ಆಮ್ಲ ಸವರಿ, ಕೆಲವು ಕ್ಷಣ ಬಿಟ್ಟು ನೀರಿನಿಂದ ತೊಳೆದು, ಒದ್ದೆಯಾಗಿರುವಾಗಲೇ ಮಸೂರದಲ್ಲಿ ನೋಡಿ. ಒಣಗಲ್ಲಿನಲ್ಲಿ ಕಾಣದ್ದು ಒದ್ದೆಗಲ್ಲಿನಲ್ಲಿ ಕಾಣುತ್ತದೆ.

ಮೊದಲ ಘಟಕ ಕಣಗಳು. ಜೀವಿಗಳ ತುಣುಕುಗಳು ಬಾಗಿದ ಗೆರೆಗಳಂತೆ, ಜಾಲರಿಯಂತೆ, ಮಿನುಗುವ ಬಿಲ್ಲೆಗಳಂತೆ ಕಾಣುತ್ತವೆ. ಕ್ರೈನಾಯ್ಡಿನ ತುಣುಕು ಒಂದೇ ಹರಳಾಗಿರುವುದರಿಂದ ಮುರಿದಾಗ ಕನ್ನಡಿಯಂತೆ ಫಳಕ್ಕೆಂದು ಹೊಳೆಯುತ್ತದೆ. ಊಯಿಡ್‌ಗಳು ಸಾಸಿವೆಯಂಥ ದುಂಡು ಕಾಳುಗಳು, 2 ಮಿಲಿಮೀಟರಿಗಿಂತ ಚಿಕ್ಕವು. ಅಲೆಗಳಲ್ಲಿ ಉರುಳುರುಳಿ, ಒಂದು ಬೀಜಕಣದ ಸುತ್ತ ಪದರದ ಮೇಲೆ ಪದರ ಕಟ್ಟಿಕೊಂಡು ಬೆಳೆದವು. ಒಡೆದ ಊಯಿಡಿನಲ್ಲಿ ಈರುಳ್ಳಿಯ ಸುತ್ತುಗಳು ಕಾಣುತ್ತವೆ. ಪೆಲಾಯ್ಡ್‌ಗಳು ಒಳರಚನೆಯಿಲ್ಲದ ನುಣ್ಣನೆಯ ಪುಟ್ಟ ಉಂಡೆಗಳು, ಹಲವು ಸಲ ತಳದ ಜೀವಿಗಳ ಹಿಕ್ಕೆಗಳು. ಅರೆಗಟ್ಟಿಯಾದ ತಳವನ್ನು ಅಲೆಯೋ ಬಿರುಗಾಳಿಯೋ ಕಿತ್ತು ಅಲ್ಲೇ ಮತ್ತೆ ಕೂಡಿಸಿದ ಚೂರುಗಳು ಇಂಟ್ರಾಕ್ಲಾಸ್ಟ್‌ಗಳು.

ಎರಡನೆಯದು ಕೆಸರು, ಮೈಕ್ರೈಟ್. ಇದರ ಹರಳುಗಳು 4 ಮೈಕ್ರಾನಿಗಿಂತ ಚಿಕ್ಕವು. ಮಸೂರದಲ್ಲಿ ಹರಳು ಕಾಣುವುದೇ ಇಲ್ಲ; ಮಂಕಾಗಿ, ಅಪಾರದರ್ಶಕವಾಗಿ, ಮುರಿದರೆ ಚಿಪ್ಪಿನ ಒಳಮೈಯಂತೆ ನುಣುಪಾದ ಬಾಗಿದ ಮುಖ ಬಿಡುತ್ತದೆ. ಮೂರನೆಯದು ಬೆಸುಗೆಯ ಹರಳು, ಸ್ಪಾರ್. ಸಂದುಗಳಲ್ಲಿ ನೀರಿನಿಂದ ಬೆಳೆದ ತಿಳಿಯಾದ, ಸಕ್ಕರೆಯಂತೆ ಮಿನುಗುವ ಕ್ಯಾಲ್ಸೈಟ್ ಇದು. ಬೂಂದಿ ಲಾಡನ್ನು ಮುರಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕಾಳಿಗೆ ಕಾಳು ತಾಗಿಕೊಂಡಿದೆ, ನಡುವೆ ಹಿಟ್ಟಿಲ್ಲ, ಪಾಕ ಹರಳುಗಟ್ಟಿದೆ. ಕೆಸರಿನ ಕಲ್ಲು ಹಾಗಲ್ಲ. ಅದು ಪಾಯಸದಲ್ಲಿ ಅಲ್ಲೊಂದು ಇಲ್ಲೊಂದು ದ್ರಾಕ್ಷಿ ನಿಂತಂತೆ.

ಇಲ್ಲಿಯೇ ಕಲ್ಲು ನೀರಿನ ಬಗ್ಗೆ ಮಾತನಾಡುತ್ತದೆ. ಅಲೆ ಬಡಿಯುವ ಜಾಗದಲ್ಲಿ ನುಣ್ಣನೆಯ ಕೆಸರು ನಿಲ್ಲಲಾರದು, ಕಣಗಳಷ್ಟೇ ಉಳಿಯುತ್ತವೆ. ಸಂದು ಖಾಲಿಯಿರುವುದರಿಂದ ಮುಂದೆ ಅಲ್ಲಿ ಸ್ಪಾರ್ ಬೆಳೆಯುತ್ತದೆ. ಶಾಂತವಾದ ಹಿನ್ನೀರಿನಲ್ಲಿ ಅಥವಾ ಅಲೆ ಮುಟ್ಟದ ಆಳದಲ್ಲಿ ಕೆಸರು ನಿಲ್ಲುತ್ತದೆ. ಹಾಗಾಗಿ ಒಂದು ಕಲ್ಲಿನಲ್ಲಿ ಎಷ್ಟು ಚಂದದ ಚಿಪ್ಪುಗಳಿವೆ ಎನ್ನುವುದಕ್ಕಿಂತ ಆ ಚಿಪ್ಪುಗಳ ನಡುವೆ ಏನಿದೆ ಎನ್ನುವುದನ್ನು ಮೊದಲು ಬರೆದುಕೊಳ್ಳಬೇಕು.

ಹಂತ 5: ಡನಹ್ಯಾಮ್ ಪದ್ಧತಿಯಲ್ಲಿ ಹೆಸರಿಡುವುದು

ಸುಣ್ಣದಕಲ್ಲುಗಳನ್ನು ತೆಳುಛೇದದಲ್ಲಿ, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಕಲ್ಲಿನ ಹೋಳಿನಲ್ಲಿ, ಓದುವ ದಾರಿಯನ್ನು ಹೆನ್ರಿ ಕ್ಲಿಫ್ಟನ್ ಸಾರ್ಬಿ 1879ರಲ್ಲೇ ತೋರಿಸಿದ್ದರು. ಅಮೆಡಿಯಸ್ ಗ್ರಾಬೌ ಕಣದ ಗಾತ್ರ ನೋಡಿ, ಕೆಸರಿನಷ್ಟು ನುಣ್ಣಗಿದ್ದರೆ ಕ್ಯಾಲ್ಸಿಲುಟೈಟ್, ಮರಳಿನಷ್ಟಿದ್ದರೆ ಕ್ಯಾಲ್ಕರೆನೈಟ್, ಜಲ್ಲಿಯಷ್ಟಿದ್ದರೆ ಕ್ಯಾಲ್ಸಿರುಡೈಟ್ ಎಂಬ ಹೆಸರುಗಳನ್ನು ಕೊಟ್ಟರು. ಗಾತ್ರ ಮಾತ್ರ ಗೊತ್ತಾದಾಗ ಅವು ಇಂದಿಗೂ ಉಪಯುಕ್ತ. ಆದರೆ ಕ್ಷೇತ್ರದಲ್ಲಿ ನಾನು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುವುದು ರಾಬರ್ಟ್ ಡನಹ್ಯಾಮ್ 1962ರಲ್ಲಿ ಪ್ರಕಟಿಸಿದ ಪದ್ಧತಿಯನ್ನು, ಏಕೆಂದರೆ ಅದು ಮೂರು ನಾಲ್ಕು ಪ್ರಶ್ನೆಗಳಲ್ಲಿ ಮುಗಿಯುತ್ತದೆ ಮತ್ತು ಕೈಮಸೂರಕ್ಕೆ ನಿಲುಕುತ್ತದೆ.

ಮೊದಲ ಪ್ರಶ್ನೆ: ಮೂಲರಚನೆ ಗುರುತು ಸಿಗುತ್ತದೆಯೇ? ಮರುಹರಳುಗಟ್ಟಿ ಎಲ್ಲವೂ ಅಳಿಸಿದ್ದರೆ ಅದು ಸ್ಫಟಿಕೀಯ ಕಾರ್ಬೋನೇಟ್, ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು: ಕೂಡುವಾಗಲೇ ಜೀವಿಗಳು ಇದನ್ನು ಬಂಧಿಸಿ ಕಟ್ಟಿದ್ದವೇ? ಹೌದಾದರೆ ಬೌಂಡ್‌ಸ್ಟೋನ್; ಕಲಾದಗಿಯ ಸ್ಟ್ರೊಮ್ಯಾಟೊಲೈಟ್‌ಗಳು ಈ ಗುಂಪಿನವು. ಇಲ್ಲವಾದರೆ ಮೂರನೆಯದು: ಕಣಗಳ ನಡುವೆ ಕೆಸರು ಇದೆಯೇ? ಇಲ್ಲವಾದರೆ ಗ್ರೇನ್‌ಸ್ಟೋನ್. ಕೆಸರು ಇದ್ದರೆ, ಕಣಗಳು ಒಂದರ ಮೇಲೊಂದು ಆತು ನಿಂತಿವೆಯೇ, ಕೆಸರಿನಲ್ಲಿ ತೇಲುತ್ತಿವೆಯೇ? ಆತು ನಿಂತರೆ ಪ್ಯಾಕ್‌ಸ್ಟೋನ್. ತೇಲುತ್ತಿದ್ದು ಕಣಗಳು ಶೇ. 10ಕ್ಕಿಂತ ಹೆಚ್ಚಾದರೆ ವ್ಯಾಕ್‌ಸ್ಟೋನ್, ಕಡಿಮೆಯಾದರೆ ಮಡ್‌ಸ್ಟೋನ್.

ಪ್ಯಾಕ್‌ಸ್ಟೋನ್ ಮತ್ತು ವ್ಯಾಕ್‌ಸ್ಟೋನ್ ನಡುವಿನ ಗೆರೆಯಲ್ಲಿ ಅನುಭವಿಗಳೂ ಜಗಳವಾಡುತ್ತಾರೆ. ಕಾರಣವಿದೆ: ಕಣಗಳು ಒಂದನ್ನೊಂದು ತಾಗುವುದು ಮೂರು ಆಯಾಮದಲ್ಲಿ, ನಾವು ನೋಡುವುದು ಒಂದು ಕೊಯ್ದ ಮುಖವನ್ನು. ಬಾಗಿದ ಚಿಪ್ಪುಗಳಿರುವ ಕಲ್ಲಿನಲ್ಲಿ ಶೇ. 30ರಷ್ಟು ಕಣಗಳಿದ್ದರೂ ಆತು ನಿಲ್ಲಬಹುದು. ದುಂಡು ಊಯಿಡ್‌ಗಳಿಗೆ ಅಷ್ಟು ಸಾಲದು. ಎರಡು ಮುಖಗಳನ್ನು ಲಂಬವಾಗಿ ಕೊಯ್ದು ನೋಡಿ ತೀರ್ಮಾನಿಸಿ. ಪ್ರಮಾಣವನ್ನು ಕಣ್ಣಳತೆಯಲ್ಲಿ ಹೇಳುವಾಗ ನಮ್ಮ ಕಣ್ಣು ಕಣಗಳನ್ನು ಇರುವುದಕ್ಕಿಂತ ಹೆಚ್ಚಾಗಿಯೇ ಎಣಿಸುತ್ತದೆ, ಆದ್ದರಿಂದ ಹೋಲಿಕೆಯ ಚಿತ್ರಪಟ ಜೊತೆಗಿರಲಿ.

ಕಣಗಳು ದೊಡ್ಡದಾದಾಗ ಈ ಪದ್ಧತಿ ಸಾಲದೆ ಬಂತು. ಕೆನಡಾದ ಬ್ಯಾಂಕ್ಸ್ ದ್ವೀಪದಲ್ಲಿ ಜೀವಿಗಳು ಕಟ್ಟಿದ ಹಳೆಯ ದಿಬ್ಬಗಳನ್ನು ಅಧ್ಯಯನ ಮಾಡಿದ ಎಂಬ್ರಿ ಮತ್ತು ಕ್ಲೋವನ್ 1971ರಲ್ಲಿ ಅದನ್ನು ವಿಸ್ತರಿಸಿದರು: 2 ಮಿಲಿಮೀಟರಿಗಿಂತ ದೊಡ್ಡ ಕಣಗಳು ಶೇ. 10ಕ್ಕಿಂತ ಹೆಚ್ಚಿದ್ದು ತೇಲುತ್ತಿದ್ದರೆ ಫ್ಲೋಟ್‌ಸ್ಟೋನ್, ಆತು ನಿಂತಿದ್ದರೆ ರಡ್‌ಸ್ಟೋನ್. ತಮಿಳುನಾಡಿನ ಅರಿಯಲೂರಿನ ಕ್ರಿಟೇಷಿಯಸ್ ಸುಣ್ಣದಕಲ್ಲುಗಳಲ್ಲಿ ಗ್ರೈಫಿಯಾ ಎಂಬ ಸಿಂಪಿಯ ಅಂಗೈಯಗಲದ ಚಿಪ್ಪುಗಳು ಒತ್ತೊತ್ತಾಗಿ ಕೂಡಿರುವ ಪದರಗಳ ಮುಂದೆ ನಿಂತರೆ ಈ ಎರಡು ಪದಗಳ ಅಗತ್ಯ ತಾನಾಗಿ ತಿಳಿಯುತ್ತದೆ.

ಹಂತ 6: ನುಣುಪು ಮುಖ ಮತ್ತು ಪೊರೆ

ತೆಳುಛೇದ ಮಾಡಿಸಲು ಅನುಕೂಲವಿಲ್ಲದ ಕಾಲೇಜುಗಳಿಗೆ ಅಸಿಟೇಟ್ ಪೊರೆಯ ವಿಧಾನ ವರದಾನ, ಮತ್ತು ಅದನ್ನು ಯಾಕೋ ನಮ್ಮಲ್ಲಿ ಕಡಿಮೆ ಬಳಸುತ್ತಾರೆ. ಕೊಯ್ದ ಮುಖವನ್ನು ಕಾರ್ಬೊರಂಡಂ ಪುಡಿಯಿಂದ 220, 400, 600, 1000ರ ಕ್ರಮದಲ್ಲಿ (ಸಂಖ್ಯೆ ಏರಿದಂತೆ ಪುಡಿ ನುಣ್ಣಗಾಗುತ್ತದೆ) ನೀರು ಹಾಕಿ ಗಾಜಿನ ಮೇಲೆ ಉಜ್ಜಿ. ಪ್ರತಿ ಸಲ ಪುಡಿ ಬದಲಿಸುವಾಗ ಕಲ್ಲನ್ನೂ ಕೈಯನ್ನೂ ಪೂರ್ತಿ ತೊಳೆಯದಿದ್ದರೆ ಹಿಂದಿನ ಪುಡಿಯ ಒಂದೇ ಕಾಳು ಇಡೀ ಮುಖವನ್ನು ಗೀರುತ್ತದೆ. ಬಹಳ ತೆಳುವಾದ ಆಮ್ಲದಲ್ಲಿ ಸುಮಾರು ಅರ್ಧ ನಿಮಿಷದೊಳಗೆ ಅದ್ದಿ ತೆಗೆದು, ಮುಖವನ್ನು ಮುಟ್ಟದೆ ತೊಳೆದು ಒಣಗಿಸಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಆ ಮುಖದ ಮೇಲೆ ಅಸಿಟೋನ್ ಸುರಿದು, ಅಸಿಟೇಟ್ ಹಾಳೆಯನ್ನು ಒಂದು ಅಂಚಿನಿಂದ ಬಾಗಿಸಿ ಹಾಸಿ, ಗುಳ್ಳೆ ನಿಲ್ಲದಂತೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಸುಲಿದರೆ ಕಲ್ಲಿನ ಸೂಕ್ಷ್ಮ ರಚನೆಯ ಅಚ್ಚು ಹಾಳೆಗೆ ಬಂದಿರುತ್ತದೆ. ಅಂಗಡಿಯಲ್ಲಿ ಸಿಗುವ ಪಾರದರ್ಶಕ ಹಾಳೆ ಪಾಲಿಯೆಸ್ಟರ್ ಆಗಿದ್ದರೆ ಅಚ್ಚು ಏಳುವುದಿಲ್ಲ. ಮೂಲೆಗೆ ಅಸಿಟೋನ್ ಹಚ್ಚಿ ಮೆದುವಾಗುವುದೇ ಎಂದು ಮೊದಲೇ ಪರೀಕ್ಷಿಸಿ.

ಡೋಲೊಮೈಟ್ ಎಲ್ಲಿದೆ ಎಂದು ತೋರಿಸಲು ತೆಳು ಆಮ್ಲದಲ್ಲಿ ಕದಡಿದ ಅಲಿಜರಿನ್ ರೆಡ್ ಎಸ್ ಬಣ್ಣ ಹಚ್ಚುತ್ತಾರೆ. ಕ್ಯಾಲ್ಸೈಟ್ ಗುಲಾಬಿಯಿಂದ ಕೆಂಪಾಗುತ್ತದೆ, ಡೋಲೊಮೈಟ್ ಬಣ್ಣ ಹಿಡಿಯದೆ ಉಳಿಯುತ್ತದೆ.

ಹಂತ 7: ಫೋಕ್ ಪದ್ಧತಿ, ಸೂಕ್ಷ್ಮದರ್ಶಕದಡಿ

0.03 ಮಿಲಿಮೀಟರ್ ದಪ್ಪದ ತೆಳುಛೇದ ಕೈಗೆ ಬಂದಾಗ ರಾಬರ್ಟ್ ಫೋಕ್ 1959ರಲ್ಲಿ ಮುಂದಿಟ್ಟ ಹೆಸರುಗಳು ಹೆಚ್ಚು ಹೇಳುತ್ತವೆ. ಇಲ್ಲಿ ಹೆಸರು ಎರಡು ತುಂಡುಗಳ ಜೋಡಣೆ: ಮೊದಲ ತುಂಡು ಕಣದ್ದು, ಎರಡನೆಯದು ನಡುವಿನ ವಸ್ತುವಿನದು. ಇಂಟ್ರಾಕ್ಲಾಸ್ಟ್‌ಗಳು ಕಣಗಳಲ್ಲಿ ಶೇ. 25ಕ್ಕಿಂತ ಹೆಚ್ಚಿದ್ದರೆ ‘ಇಂಟ್ರಾ’. ಇಲ್ಲದಿದ್ದು ಊಯಿಡ್‌ಗಳು ಶೇ. 25 ಮೀರಿದರೆ ‘ಊ’. ಅವೂ ಇಲ್ಲವಾದರೆ ಪಳೆಯುಳಿಕೆಗಳು ಪೆಲೆಟ್‌ಗಳ (ಮೇಲೆ ಪೆಲಾಯ್ಡ್ ಎಂದು ಕರೆದ ಉಂಡೆಗಳ) ಮೂರು ಪಟ್ಟಿಗಿಂತ ಹೆಚ್ಚಾದಾಗ ‘ಬಯೊ’, ಪೆಲೆಟ್‌ಗಳು ಮೂರು ಪಟ್ಟು ಮೀರಿದಾಗ ‘ಪೆಲ್’, ನಡುವೆ ಇದ್ದರೆ ‘ಬಯೊಪೆಲ್’. ನಡುವೆ ಕೆಸರೇ ಹೆಚ್ಚಾದರೆ ‘ಮೈಕ್ರೈಟ್’, ಹರಳೇ ಹೆಚ್ಚಾದರೆ ‘ಸ್ಪಾರೈಟ್’. ಊಸ್ಪಾರೈಟ್ ಎಂದಾಗ ಅಲೆ ಬಡಿದ ಊಯಿಡ್ ದಿಬ್ಬ ಕಣ್ಣಿಗೆ ಕಟ್ಟುತ್ತದೆ, ಬಯೊಮೈಕ್ರೈಟ್ ಎಂದಾಗ ಚಿಪ್ಪುಗಳು ಹೂತ ಶಾಂತ ಕೆಸರು. ಜೀವಿಗಳು ನೆಲೆನಿಂತಲ್ಲೇ ಕಟ್ಟಿದ್ದು ಬಯೊಲಿಥೈಟ್.

ಪ್ರಮಾಣ ನಂಬಲರ್ಹವಾಗಬೇಕಾದರೆ ಛೇದದ ಮೇಲೆ ಸಮಾನ ಅಂತರದ 300 ಬಿಂದುಗಳನ್ನಾದರೂ ಎಣಿಸಿ. ಎಣಿಸುವಾಗ ಒಂದು ಎಚ್ಚರಿಕೆ: ಕೆಸರೇ ಮರುಹರಳುಗಟ್ಟಿ ದಪ್ಪವಾದಾಗ ಸ್ಪಾರಿನ ವೇಷ ಹಾಕುತ್ತದೆ. ನಿಜವಾದ ಬೆಸುಗೆ ಸಂದಿನ ಗೋಡೆಯಿಂದ ಸಣ್ಣ ಹರಳಾಗಿ ಆರಂಭಿಸಿ ನಡುವಿಗೆ ದೊಡ್ಡದಾಗುತ್ತದೆ, ಹರಳಿನ ಅಂಚುಗಳು ನೇರವಾಗಿರುತ್ತವೆ. ಮರುಹರಳುಗಟ್ಟಿದ್ದು ತೇಪೆ ತೇಪೆಯಾಗಿ ಕಣಗಳನ್ನೂ ಕೊರೆದುಕೊಂಡು ಹಬ್ಬಿರುತ್ತದೆ. ಈ ವೇಷಕ್ಕೆ ಮರುಳಾದರೆ ಶಾಂತ ಹಿನ್ನೀರಿನ ಕಲ್ಲನ್ನು ಅಲೆಯ ದಿಬ್ಬದ ಕಲ್ಲೆಂದು ಬರೆದಂತಾಗುತ್ತದೆ. ಹೆಸರಿನ ತಪ್ಪು ಸಮುದ್ರದ ನಕ್ಷೆಯ ತಪ್ಪಾಗುತ್ತದೆ.

ಹಂತ 8: ದಾಖಲಿಸುವುದು

ಬಣ್ಣ, ಪದರದ ದಪ್ಪ, ಕಣದ ಗಾತ್ರ, ಕಣದ ಬಗೆ, ನಡುವಿನ ವಸ್ತು, ಆಮೇಲೆ ಹೆಸರು, ಕೊನೆಗೆ ಕಲ್ಲಾದ ಮೇಲಿನ ಬದಲಾವಣೆಗಳು ಎಂಬ ಕ್ರಮ ಪಾಲಿಸಿ. ಶಹಾಬಾದಿನ ಒಂದು ಹಾಸುಗಲ್ಲಿನ ದಾಖಲೆ ಹೀಗಿರಬಹುದು: ‘ತಿಳಿಬೂದು, ತೆಳುವಾದ ನೇರ ಪದರ, ಮಸೂರದಲ್ಲಿ ಕಣ ಕಾಣದು, ತೆಳು ಆಮ್ಲಕ್ಕೆ ತಕ್ಷಣ ಜೋರು ನೊರೆ, ಬಳಿಕ ಮಣ್ಣಿನ ಕಲೆ, ಡನಹ್ಯಾಮ್ ಪ್ರಕಾರ ಮಡ್‌ಸ್ಟೋನ್, ಫೋಕ್ ಪ್ರಕಾರ ಮೈಕ್ರೈಟ್, ಜೇಡಿಮಿಶ್ರಿತ, ಪದರಕ್ಕೆ ಸಮಾನಾಂತರ ಸ್ಟೈಲೊಲೈಟ್, ಬಿಳಿ ಕ್ಯಾಲ್ಸೈಟ್ ಎಳೆಗಳು.’ ಯಾವ ಪದ್ಧತಿಯ ಹೆಸರು ಎಂದು ಬರೆಯದೆ ಬರಿಯ ‘ಮಡ್‌ಸ್ಟೋನ್’ ಎಂದರೆ ಓದುವವರು ಜೇಡಿಕಲ್ಲು ಎಂದುಕೊಳ್ಳುತ್ತಾರೆ. ಮಾದರಿಯನ್ನು ಬಂಡೆಯಿಂದ ಬಿಡಿಸುವ ಮೊದಲೇ ಅದರ ಮೇಲೆ ಸಂಖ್ಯೆ ಬರೆದು, ಮೇಲ್ಮುಖ ಯಾವುದು ಎಂದು ಬಾಣದ ಗುರುತು ಹಾಕಿ. ಕೈಗೆ ಬಂದ ಮೇಲೆ ಕಲ್ಲಿನ ತಲೆ ಯಾವುದು, ಕಾಲು ಯಾವುದು ಎಂದು ಯಾರಿಗೂ ಹೇಳಲಾಗುವುದಿಲ್ಲ.